ಎಷ್ಟು ಸಲ ಮಾತಾಡಿದರು ಅಂತ ಎಣಿಸುವವರಿಗೆ ದೊಡ್ಡ ನಮಸ್ಕಾರ

ಇವತ್ತು ಬೆಳಗ್ಗೆ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಪಟ್ಟಿ ಬಂತು. ಕೀನ್ಯಾ ಸಂಸತ್ತಿನಲ್ಲಿ ಯಾವ ಎಂಪಿ ಎಷ್ಟು ಸಲ ಮಾತಾಡಿದರು, ಯಾರು ಬಾಯೇ ಬಿಡಲಿಲ್ಲ ಅನ್ನುವ ಪಟ್ಟಿ. ಮೇಲಿದ್ದವರಿಗೆ ಚಪ್ಪಾಳೆ, ಕೆಳಗಿದ್ದವರಿಗೆ ಬೈಗುಳ. ನಮ್ಮ ಅಕೌಂಟ್ಸ್ ಹುಡುಗನಂತೂ "ನಮ್ಮ ಮ್ಹೆಶಿಮಿವಾ ಮೊದಲ ಹತ್ತರಲ್ಲಿದ್ದಾರೆ" ಅಂತ ಕುಣಿದಾಡಿಬಿಟ್ಟ. ಇಲ್ಲಿ ಎಂಪಿಗಳನ್ನು ಹಾಗೇ ಕರೆಯುವುದು. ಏನು ಮಾತಾಡಿದರಪ್ಪ ಅಂತ ಕೇಳಿದೆ. ಗೊತ್ತಿಲ್ಲವಂತೆ. ಜಾಸ್ತಿ ಮಾತಾಡಿದ್ದಾರೆ, ಅಷ್ಟು ಸಾಕಂತೆ.

ಉರಿದುಹೋಯಿತು ನನಗೆ.

ನೈರೋಬಿಗೆ ಬಂದ ಮೇಲೆ ಈ ಸದನದ ಕಲಾಪ ನೋಡುವ ಚಟ ಹಿಡಿದಿದ್ದು ನಿಮಗೆಲ್ಲ ಗೊತ್ತೇ ಇದೆ. ಹ್ಯಾನ್ಸಾರ್ಡ್ ಅಂತ ಇದೆ, ಸದನದಲ್ಲಿ ಆಡಿದ ಮಾತೆಲ್ಲ ದಾಖಲಾಗುವ ಕಡತ. ಯಾವ ಪುಟ ಬೇಕಾದರೂ ತೆಗೆಯಿರಿ. ಒಬ್ಬರು ಏಳುತ್ತಾರೆ. ಅವಕಾಶ ಕೊಟ್ಟಿದ್ದಕ್ಕೆ ಸ್ಪೀಕರ್‌ಗೆ ವಂದನೆ. ಮೊದಲಿಗೇ ಹೇಳಿಬಿಡುತ್ತೇನೆ, ಈ ನಿರ್ಣಯಕ್ಕೆ ನನ್ನ ಬೆಂಬಲವಿದೆ ಅನ್ನುತ್ತಾರೆ. ಹಿಂದಿನವರು ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಾರೆ. ಕೊನೆಗೆ ತಮ್ಮ ಕ್ಷೇತ್ರದ ರಸ್ತೆಯ ಸುದ್ದಿ ತುರುಕಿ ಕೂರುತ್ತಾರೆ. ಮದುವೆ ಮನೆಯಲ್ಲಿ ಮುಯ್ಯಿ ಬರೆಸಿ ಊಟಕ್ಕೆ ಓಡುವ ಹಾಗೆ. ಹೆಸರು ಪುಸ್ತಕಕ್ಕೆ ಬಿತ್ತು, ಕೆಲಸ ಮುಗಿಯಿತು. ಪಟ್ಟಿಯಲ್ಲಿ ಒಂದು ಅಂಕ.

ಹಾಗಾದರೆ ಮಾರ್ಟಿನ್ ಶಿಕುಕುಗೆ ಎಷ್ಟು ಅಂಕ ಕೊಡೋಣ?

ಬುಟೆರೆ ಕ್ಷೇತ್ರದ ಎಂಪಿ ಆತ. 1975ನೇ ಇಸವಿ. ಆ ಮಾರ್ಚ್‌ನಲ್ಲಿ ಜೆ.ಎಂ. ಕರಿಯುಕಿ ಅನ್ನುವ ಜನಪ್ರಿಯ ಎಂಪಿಯ ಕೊಲೆಯಾಗಿತ್ತು. ತನಿಖೆಗೆ ಸದನ ಒಂದು ಸಮಿತಿ ಮಾಡಿತು, ಎಲಿಜಾ ಮ್ವಾಂಗಾಲೆ ಅದರ ಅಧ್ಯಕ್ಷರು. ವರದಿಯನ್ನು ಒಪ್ಪಬೇಕೋ ಬೇಡವೋ ಅಂತ ಜೂನ್‌ನಲ್ಲಿ ಮತಕ್ಕೆ ಹಾಕಿದಾಗ 62ಕ್ಕೆ 59, ಸರ್ಕಾರ ಸೋತಿತು. ವರದಿಯ ಪರವಾಗಿ ಮತ ಹಾಕಿದ ಮಂತ್ರಿ ಮಸಿಂಡೆ ಮುಲಿರೊ ಕೆಲಸ ಹೋಯಿತು. ಜೊತೆಗೆ ಇಬ್ಬರು ಸಹಾಯಕ ಮಂತ್ರಿಗಳದ್ದೂ. ಭಾಷಣ ಮಾಡಿದ್ದಕ್ಕಲ್ಲ ಸ್ವಾಮಿ, ಓಟು ಹಾಕಿದ್ದಕ್ಕೆ.

ಅದೇ ಅಕ್ಟೋಬರ್‌ನಲ್ಲಿ ಶಿಕುಕು ಎದ್ದು ನಿಂತು, ಆಳುವ ಪಕ್ಷ ಕಾನುವನ್ನು ಕೊಂದ ಹಾಗೆಯೇ ಈ ಸಂಸತ್ತನ್ನೂ ಕೊಲ್ಲಲು ಹೊರಟಿದ್ದಾರೆ ಅನ್ನುವ ಅರ್ಥದ ಮಾತಾಡಿದರು. ಸರ್ಕಾರದ ಕಡೆಯವರು ಹಾರಿಬಿದ್ದರು. ಸಾಬೀತು ಮಾಡಿ, ಸಾಬೀತು ಮಾಡಿ ಅಂತ ಗಲಾಟೆ. ಪೀಠದಲ್ಲಿದ್ದವರು ಡೆಪ್ಯುಟಿ ಸ್ಪೀಕರ್ ಜಾನ್-ಮರಿ ಸೆರೋನಿ. ಕಣ್ಣಿಗೆ ಕಾಣುವುದನ್ನು ಸಾಬೀತು ಮಾಡುವ ಅಗತ್ಯವಿಲ್ಲ ಅಂತ ರೂಲಿಂಗ್ ಕೊಟ್ಟರು. ಅಷ್ಟೇ. ಕೆಲವೇ ದಿನಗಳಲ್ಲಿ ಸಂಸತ್ತಿನ ಆವರಣಕ್ಕೇ ಬಂದು ಪೊಲೀಸರು ಇಬ್ಬರನ್ನೂ ಹಿಡಿದುಕೊಂಡು ಹೋದರು. ವಿಚಾರಣೆಯೇ ಇಲ್ಲದೆ ಮೂರು ವರ್ಷಕ್ಕೂ ಜಾಸ್ತಿ ಒಳಗೆ. ಆಗಿನ ಅಧ್ಯಕ್ಷ ಕೆನ್ಯಾಟ್ಟಾ ತೀರಿಕೊಂಡ ಮೇಲೆ, 1978ರ ಡಿಸೆಂಬರ್‌ನಲ್ಲಿ ಬಿಡುಗಡೆ.

ಈಗ ಲೆಕ್ಕ ಹಾಕಿ. ಶಿಕುಕುಗೆ ಒಂದು ಅಂಕ, ರಸ್ತೆ ಸುದ್ದಿ ತುರುಕಿದವರಿಗೂ ಒಂದು ಅಂಕ. ಸೆರೋನಿಗೆ ಸೊನ್ನೆ. ಪೀಠದಿಂದ ಕೊಟ್ಟ ರೂಲಿಂಗ್ ಚರ್ಚೆಯಲ್ಲಿ ಭಾಗವಹಿಸಿದ ಲೆಕ್ಕಕ್ಕೆ ಬರುವುದಿಲ್ಲವಲ್ಲ. ಮೂರು ವರ್ಷ ಮಾತೇ ಆಡದೆ ಜೈಲಿನಲ್ಲಿದ್ದರು, ಅದಕ್ಕೂ ಸೊನ್ನೆ.

ಇನ್ನೊಂದು ಹೇಳುತ್ತೇನೆ, ಇದು ಇನ್ನೂ ಉರಿಸುವಂಥದ್ದು. 2006ರಲ್ಲಿ ನ್ಜೋಕಿ ಎನ್‌ಡುಂಗು ಅನ್ನುವ ನಾಮನಿರ್ದೇಶಿತ ಸದಸ್ಯೆ ಲೈಂಗಿಕ ಅಪರಾಧಗಳ ಮಸೂದೆ ತಂದರು. ಸರ್ಕಾರದ್ದಲ್ಲ, ಖಾಸಗಿ ಸದಸ್ಯರ ಮಸೂದೆ. ಆಗ ಇಡೀ ಸದನದಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಚರ್ಚೆಯಲ್ಲಿ ಒಬ್ಬ ಮಹಾಶಯ ಎದ್ದು, ಆಫ್ರಿಕಾದ ಹೆಂಗಸರು ಬೇಡ ಅಂದರೂ ಅದರ ಅರ್ಥ ಬೇಕು ಅಂತಲೇ ಎಂದು ಉಪದೇಶ ಕೊಟ್ಟ. ಮಹಿಳಾ ಸದಸ್ಯರು ಎದ್ದು ಹೊರಗೆ ನಡೆದರು. ಆ ಮಹಾಶಯನ ಮಾತಿಗೆ ಒಂದು ಅಂಕ. ಹೊರಗೆ ನಡೆದವರಿಗೆ? ಮತ್ತೆ ಸೊನ್ನೆ!

ಆಮೇಲೆ ನ್ಜೋಕಿ ಮಾಡಿದ್ದೆಲ್ಲ ಮೈಕಿನ ಮುಂದೆ ನಡೆಯುವ ಕೆಲಸವೇ ಅಲ್ಲ. ಮಸೂದೆ ಉಳಿಯಬೇಕಾದರೆ ಬಿಟ್ಟುಕೊಡಬೇಕಾಗಿತ್ತು, ಬಿಟ್ಟುಕೊಟ್ಟರು. ಮದುವೆಯೊಳಗಿನ ಅತ್ಯಾಚಾರ ಕಾಯ್ದೆಯಿಂದ ಹೊರಗುಳಿಯಿತು. ಸುಳ್ಳು ದೂರು ಕೊಟ್ಟವಳಿಗೂ ಆ ಅಪರಾಧಕ್ಕಿರುವಷ್ಟೇ ಶಿಕ್ಷೆ ಅಂತ 38ನೇ ಸೆಕ್ಷನ್ ಸೇರಿಕೊಂಡಿತು. ಓದಿದರೆ ಮೈ ಉರಿಯುತ್ತದೆ. ಯಾವ ಹುಡುಗಿ ಧೈರ್ಯ ಮಾಡಿ ಠಾಣೆ ಮೆಟ್ಟಿಲು ಹತ್ತುತ್ತಾಳೆ ಹೇಳಿ? 2012ರಲ್ಲಿ ಅದನ್ನು ತೆಗೆದುಹಾಕಿದರು. ಆದರೆ ಕಾಯ್ದೆ ಬಂತು. ಈಗಲೂ ಇದೆ. ಆಕೆ 2011ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶೆಯಾದರು.

(ಓಹೋ ಆಫ್ರಿಕಾ ಅಲ್ವಾ ಅಂತ ಮೂಗು ಮುರಿಯುವವರು ಸ್ವಲ್ಪ ತಡೆಯಿರಿ. 2021ರ ಡಿಸೆಂಬರ್, ಬೆಳಗಾವಿ ಅಧಿವೇಶನ. ಹೆಸರು ಬರೆಯುವುದಿಲ್ಲ, ನಿಮಗೆಲ್ಲ ಗೊತ್ತು. ಅತ್ಯಾಚಾರದ ಮೇಲೆ ಜೋಕು ಹೊಡೆದವರು ಸದನದಲ್ಲಿ ಚೆನ್ನಾಗಿ ಮಾತಾಡುತ್ತಾರೆ ಅಂತಲೇ ಹೆಸರಾದವರು.)

ಎಣಿಸದಿದ್ದರೆ ಎಂಪಿಗಳು ಕೈಗೇ ಸಿಗುವುದಿಲ್ಲ ಅನ್ನುವ ವಾದವಿದೆ. ಇದೆ, ಒಪ್ಪುತ್ತೇನೆ. ಇಲ್ಲಿನ ಸಂಸತ್ತಿನ ವೆಬ್‌ಸೈಟ್‌ನಲ್ಲಿ ಎಂಪಿಗಳ ಓದು, ಕೆಲಸದ ವಿವರ ಹಾಕಿದ್ದಕ್ಕೆ ಎಂಪಿಗಳೇ ಗಲಾಟೆ ಮಾಡಿ ಅದನ್ನು ಮುಚ್ಚಿಸಿದ್ದರು. ಆ ಸಿಟ್ಟಿಗೇ ಓರಿ ಒಕೊಲ್ಲೊ, ಕಾನ್ರಾಡ್ ಅಕುಂಗಾ ಇಬ್ಬರೂ ಸೇರಿ ಮ್ಜಲೆಂಡೊ ಅನ್ನುವ ವೆಬ್‌ಸೈಟ್ ಶುರು ಮಾಡಿದ್ದು. ಎಂಪಿಗಳ ಮಾತನ್ನೆಲ್ಲ ಜನರ ಮುಂದಿಟ್ಟರು. ದೊಡ್ಡ ಕೆಲಸ, ಅನುಮಾನವೇ ಇಲ್ಲ. ವರ್ಷಗಟ್ಟಲೆ ಬಾಯಿ ಬಿಡದವರನ್ನು ಎಳೆದು ತೋರಿಸಲೇಬೇಕು. ಆದರೆ ಸೊನ್ನೆಯನ್ನು ತೋರಿಸಲು ಹುಟ್ಟಿದ ಲೆಕ್ಕ ಈಗ ನೂರನ್ನು ಮೆರೆಸಲು ಬಳಕೆಯಾಗುತ್ತಿದೆ. ಮಾತಿನ ಸಂಖ್ಯೆಗೆ ಬೆಲೆ ಅಂತ ಗೊತ್ತಾದ ಕ್ಷಣ ಎಲ್ಲರೂ ಸುಮ್ನೆ ಎದ್ದು ನಿಲ್ಲುತ್ತಾರೆ. ಸಂತಾಪ ಸೂಚನೆಗೂ ಸಾಲು ಹಚ್ಚುತ್ತಾರೆ.

2024ರ ಜೂನ್ 25 ನೆನಪಿದೆಯಾ? ನಾವೆಲ್ಲ ಮನೆ ಬಾಗಿಲು ಹಾಕಿಕೊಂಡು ಫೋನಿಗೆ ಕಣ್ಣು ಕೀಲಿಸಿ ಕೂತ ದಿನ. ತೆರಿಗೆ ಏರಿಸುವ ಹಣಕಾಸು ಮಸೂದೆಗೆ 195 ಜನ ಹೌದು ಅಂದರು, 106 ಜನ ಬೇಡ ಅಂದರು. ಹುಡುಗ ಹುಡುಗಿಯರು ಸಂಸತ್ತಿನ ಒಳಗೇ ನುಗ್ಗಿದರು. ಬೀದಿಯಲ್ಲಿ ಹೆಣ ಬಿದ್ದವು. ಮಾರನೇ ದಿನ ಅಧ್ಯಕ್ಷ ರುಟೊ ಸಹಿ ಹಾಕುವುದಿಲ್ಲ ಅಂದರು. ಆ ಮಸೂದೆಯ ಮೇಲೆ ಯಾರು ಎಷ್ಟು ಸಲ ಮಾತಾಡಿದರು ಅಂತ ಯಾರಾದರೂ ಕೇಳಿದರಾ? ಹೌದು ಅಂದವರ ಹೆಸರು ಮಾತ್ರ ಎಲ್ಲರ ಫೋನಿನಲ್ಲಿ ಓಡಾಡಿತು.

ನನಗೆ ಇಷ್ಟೊಂದು ಸಿಟ್ಟು ಯಾಕೆ ಅಂತಲೂ ಹೇಳಿಬಿಡುತ್ತೇನೆ. ಹಿಂದಿನ ಆಫೀಸಿನಲ್ಲಿ ನನ್ನ ಅಪ್ರೈಸಲ್‌ನಲ್ಲಿ, ಮೀಟಿಂಗ್‌ಗಳಲ್ಲಿ ಮಾತಾಡುವುದು ಕಡಿಮೆ ಅಂತ ಬರೆದು ಅಂಕ ಕಳೆದಿದ್ದರು. ಮೀಟಿಂಗ್ ಪೂರ್ತಿ ಮಾತಾಡುತ್ತಿದ್ದವನ ತಪ್ಪುಗಳನ್ನು ರಾತ್ರಿ ಕೂತು ಸರಿ ಮಾಡುತ್ತಿದ್ದವಳು ನಾನು. ಆ ಗಾಯ ಇನ್ನೂ ಮಾಗಿಲ್ಲ. ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಿ.

ಜನರಿಗೆ ಎಲ್ಲ ಗೊತ್ತಾಗುತ್ತದೆ ಬಿಡಿ ಅನ್ನಬೇಡಿ. 1979ರ ಚುನಾವಣೆಯಲ್ಲಿ ಶಿಕುಕುವನ್ನು ಬುಟೆರೆಯವರು ಮತ್ತೆ ಕಳಿಸಿದರು. ಸೆರೋನಿ ಟಿಂಡೆರೆಟ್‌ನಲ್ಲಿ ಸೋತರು. ಇಲ್ಲಿನ ಮತದಾರರು ಕೇಳುವುದು ಮಕ್ಕಳ ಫೀಸಿಗೆ ಬರ್ಸರಿ ಬಂತಾ, ಸಾವಿನ ಮನೆಗೆ ಎಂಪಿ ಬಂದರಾ ಅಂತ. ಹ್ಯಾನ್ಸಾರ್ಡ್ ಯಾರು ಓದುತ್ತಾರೆ, ನನ್ನಂಥ ಓಟಿಲ್ಲದ ಪರದೇಶಿಯನ್ನು ಬಿಟ್ಟು!

ಪಟ್ಟಿ ಮಾಡುವವರಲ್ಲಿ ಒಂದೇ ಬೇಡಿಕೆ. ಹೆಸರಿನ ಮುಂದೆ ಸಂಖ್ಯೆ ಬೇಡ. ಆ ವರ್ಷ ಆ ಎಂಪಿ ಆಡಿದ ಒಂದು ಮಾತು ಹಾಕಿ, ಪಕ್ಕದಲ್ಲಿ ಅವರು ಹಾಕಿದ ಓಟು ಹಾಕಿ. 349 ಹೆಸರು. ಕಷ್ಟವೇನಲ್ಲ. ಕಾಮೆಂಟಿಗೆ ಬರುವವರಿಗೂ ಅದೇ ನಿಯಮ. ನಮ್ಮ ಕಡೆಯೂ ಹೀಗೇ ಅಂತ ಬರೆದು ಓಡಿಹೋಗಬೇಡಿ. ನಿಮ್ಮ ಶಾಸಕರು ಸದನದಲ್ಲಿ ಆಡಿದ ಒಂದೇ ಒಂದು ಮಾತು ನೆನಪಿದ್ದರೆ, ಅದನ್ನು ಬರೆಯಿರಿ.