ನದಿಪಾತ್ರದ ಪಾತ್ರಧಾರಿಗಳು

ಪತ್ರಿಕೆಯಲ್ಲಿ ಮತ್ತೆ ಅದೇ ಫೋಟೊ. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮೇಲೆ ಕೃಷ್ಣೆಯ ಕೆಂಪು ನೀರು, ದಂಡೆಗೆ ಬ್ಯಾರಿಕೇಡ್, ಬ್ಯಾರಿಕೇಡಿಗೆ ಒರಗಿದ ಪೊಲೀಸರು, ಅವರ ಬೆನ್ನ ಹಿಂದೆ ಸೆಲ್ಫಿ. ಹೋದ ವರ್ಷದ್ದನ್ನೇ ಹಾಕಿದ್ದರೂ ಯಾರೂ ಕೇಳುತ್ತಿರಲಿಲ್ಲ. ಕೆಳಗಿನ ಸಾಲೂ ಅದೇ: ನದಿಪಾತ್ರದ ಜನರು ಎಚ್ಚರಿಕೆಯಿಂದ ಇರಬೇಕು, ಸುರಕ್ಷಿತ ಸ್ಥಳಗಳಿಗೆ ತೆರಳಬೇಕು.

‘ನದಿಪಾತ್ರದ ಜನ’! ಎಂಥ ಮಾತು ನೋಡಿ. ನಮ್ಮ ಕಡೆ ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರಿಗೆ ನಿಂತು, ತಾವು ಯಾರು, ಯಾವ ಊರು ಅಂತ ವಿಚಾರಿಸುತ್ತಾನೆ. ಪಾತ್ರ ನಾಲ್ಕು ಹೆಜ್ಜೆ ಕುಣಿದು ತನ್ನ ಬಿರುದೆಲ್ಲ ಒಪ್ಪಿಸುತ್ತದೆ. ಹೊಳೆಯ ಆಟದಲ್ಲೂ ಮಳೆಗಾಲಕ್ಕೊಮ್ಮೆ ಸಾರಥಿ ಜೀಪಿನಿಂದ ಇಳಿಯುತ್ತಾರೆ. ‘ಯಾವ ಊರು?’ ‘ಕಡದರಗಡ್ಡಿ ರೀ.’ ‘ನೀವು?’ ‘ಯಳಗುಂದಿ ರೀ.’ ‘ಎಷ್ಟು ಮಂದಿ ಇದ್ದೀರಿ?’ ಹೋದ ಸಲ ಬರೆದುಕೊಂಡ ಹಾಳೆ ಎಲ್ಲಿ ಹೋಯಿತೋ, ಯಾರೂ ಕೇಳುವುದಿಲ್ಲ. ಆಟದ ನಡುವೆ ಹಾಗೆಲ್ಲ ಕೇಳಬಾರದು. ಇಷ್ಟಕ್ಕೂ ಸುತ್ತ ಹೊಳೆ ಇರುವ ನಡುಗಡ್ಡೆಯವನು ಸುರಕ್ಷಿತ ಸ್ಥಳಕ್ಕೆ ತೆರಳಲು ದಾಟಬೇಕಾದದ್ದು ಮುಳುಗಿರುವ ಅದೇ ಸೇತುವೆಯನ್ನು. ಈ ತೊಡಕು ಪ್ರಕಟಣೆ ಬರೆದವರಿಗೆ ಹೊಳೆದಿಲ್ಲ.

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಲಿಂಡಿಸ್‌ಫಾರ್ನ್ ಅಂತ ಒಂದು ದ್ವೀಪವಿದೆ. ಅಲ್ಲಿಗೆ ಹೋಗುವ ರಸ್ತೆ ದಿನಕ್ಕೆ ಎರಡು ಸಲ ಸಮುದ್ರದಡಿ ಹೋಗುತ್ತದೆ. ಚಂದ್ರ ಎಬ್ಬಿಸುವ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ದಾಟುವ ವೇಳೆಯೂ ದಿನಾ ಬೇರೆ. ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ದಾಟಬಹುದು ಅಂತ ಅಲ್ಲಿನ ಸ್ಥಳೀಯ ಆಡಳಿತ ಮುಂಚೆಯೇ ಪಟ್ಟಿ ಹಾಕುತ್ತದೆ. ನಡುದಾರಿಯಲ್ಲಿ ಸಿಕ್ಕಿಬಿದ್ದವರು ಹತ್ತಿ ಕೂರಲು ಕಂಬಗಳ ಮೇಲೊಂದು ಗೂಡು ಕಟ್ಟಿದ್ದಾರೆ. ಇಷ್ಟಾದರೂ ‘ಇನ್ನೂ ಐದು ನಿಮಿಷ ಐತಲ್ಲ’ ಎಂದು ನುಗ್ಗಿ ಕಾರು ಮುಳುಗಿಸಿಕೊಳ್ಳುವವರು ಅಲ್ಲೂ ಇದ್ದಾರೆ. ಈ ಒಂದು ವಿಷಯದಲ್ಲಿ ನಾವು ಅವರಿಗೆ ಸರಿಸಮ.

ನಮ್ಮ ಕೃಷ್ಣೆಯ ಚಂದ್ರ ಇರುವುದು ನಾರಾಯಣಪುರದ ಬಸವಸಾಗರ ಅಣೆಕಟ್ಟೆಯಲ್ಲಿ. ಆಕಾಶದ ಚಂದ್ರನಿಗೆ 16 ಕಲೆ, ಬಸವಸಾಗರದ ಚಂದ್ರನಿಗೆ 30 ಗೇಟು. ಆಕಾಶದವನಿಗೆ ಸ್ವಿಚ್ ಇಲ್ಲ, ರಿಜಿಸ್ಟರ್ ಇಲ್ಲ, ಮೇಲಧಿಕಾರಿಯ ಫೋನೂ ಇಲ್ಲ. ಆದರೂ ಅವನ ವೇಳಾಪಟ್ಟಿ ವರ್ಷ ಮೊದಲೇ ಅಚ್ಚಾಗುತ್ತದೆ. ಇವನಿಗೆ ಮೂರೂ ಉಂಟು, ಹೊಳೆ ಏರಿದ ಸುದ್ದಿ ಮಾತ್ರ ಹೊಳೆಯೇ ತಂದು ಮುಟ್ಟಿಸಬೇಕು. ತುಂಗಭದ್ರೆಯ ಕಡೆ ಕಂಪ್ಲಿ ಸೇತುವೆಯದೂ ಇದೇ ಆಟ. ಅಲ್ಲಿನ ಅಣೆಕಟ್ಟೆಗೆ ಗೇಟು 33, ಅಷ್ಟೇ ವ್ಯತ್ಯಾಸ.

ಇನ್ನು ಕ್ಯುಸೆಕ್ ಪುರಾಣ. ಒಂದು ಲಕ್ಷ ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ 230 ಟ್ಯಾಂಕರ್. ಸರಿ, ಆದರೆ ಎಮ್ಮೆ ಹೊಡೆದುಕೊಂಡು ದಂಡೆಗೆ ಬಂದವನಿಗೆ ಬೇಕಾದ ಲೆಕ್ಕ ಬೇರೆ: ಸೇತುವೆಯ ಸ್ಲ್ಯಾಬಿನ ಮೇಲೆ ಎಷ್ಟು ಅಡಿ ನೀರು, ಎಷ್ಟು ಗಂಟೆಗೆ? ಸೇತುವೆಯ ಎರಡೂ ತುದಿಗೆ ಅಡಿ ಬರೆದ ಕೆಂಪು-ಬಿಳಿ ಕಂಬ ನೆಟ್ಟರೆ ಅರ್ಧ ಉತ್ತರ ಸಿಕ್ಕಿತು. ಅದಿಲ್ಲದಾಗ ಹೊಳೆಸಾಲಿನವರ ಉಪಾಯವೊಂದಿದೆ. ನೀರಂಚಿಗೆ ಕಡ್ಡಿ ಚುಚ್ಚಿ ಅರ್ಧ ತಾಸು ಕೂತು ನೋಡುವುದು. ಕಡ್ಡಿ ಮುಳುಗಿದರೆ ಹೊಳೆ ಏರುತ್ತಿದೆ, ಮನೆಗೆ ಹೋಗು. ಕಡ್ಡಿಯಿಂದ ನೀರು ಹಿಂದೆ ಸರಿದರೆ ಇಳಿಯುತ್ತಿದೆ. ಆಗಲೂ ಮನೆಗೇ ಹೋಗು, ನಾಳೆ ಬಾ.

ಇಷ್ಟಕ್ಕೆಲ್ಲ ನಮ್ಮ ವೀರರು ಕಾಯುವವರಲ್ಲ. ಬೈಕಿನವನಿಗೆ ಜಯವಾಗಲಿ! ಜೋರಾಗಿ ಹರಿಯುವ ನೀರು ಅರ್ಧ ಅಡಿ ಇದ್ದರೆ ನಿಂತ ಆಳನ್ನು ಕೆಡವುತ್ತದೆ, ಒಂದಡಿಗೆ ಸಣ್ಣ ಕಾರು ತೇಲುತ್ತದೆ, ಎರಡಡಿಗೆ ಜೀಪೂ ನೆಲ ಬಿಡುತ್ತದೆ. ನೀರಿನ ವೇಗ ಎರಡರಷ್ಟಾದರೆ ನೂಕುವ ಬಲ ನಾಲ್ಕರಷ್ಟು. ‘ನಮ್ಮದು ಟ್ರ್ಯಾಕ್ಟರ್, ಏನಾಗಲ್ಲ’ ಎನ್ನುವವರ ಶೌರ್ಯ ಇನ್ನೂ ಒಂದು ತೂಕ ಹೆಚ್ಚು. ಇಂಜಿನ್ ನೆಲ ಹಿಡಿದೀತು, ಹಿಂದಿನ ಖಾಲಿ ಟ್ರಾಲಿ ಹಿಡಿಯುವುದಿಲ್ಲ. ಅದರ ತಗಡಿನ ಅಡ್ಡಗೋಡೆಗೆ ನೀರು ಬಡಿದರೆ ಟ್ರಾಲಿ ಪಕ್ಕಕ್ಕೆ ಜಾರಿ, ಪಿನ್ನಿಗೆ ಸಿಕ್ಕ ಟ್ರ್ಯಾಕ್ಟರನ್ನೂ ಎಳೆದೊಯ್ಯುತ್ತದೆ. ಕೆಂಪು ನೀರಲ್ಲಿ ಸ್ಲ್ಯಾಬಿನ ಅಂಚು ಕಾಣುವುದಿಲ್ಲ.

ಅವರನ್ನು ಬೈದು ಮುಗಿಸಬಹುದಿತ್ತು. ಆದರೆ ಹೆರಿಗೆ ನೋವು ಎದ್ದವಳು ಸೆಲ್ಫಿಗೆ ಬಂದವಳಲ್ಲ. ಅವಳಿಗೆ ‘ಎಚ್ಚರಿಕೆಯಿಂದ ಇರಿ’ ಅಂತ ಓದಿ ಹೇಳುತ್ತೀರಾ? ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಹೋಗುವವನಿಗೆ? 2009ರಲ್ಲಿ ನೆರೆ ಬಂತು, 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಐದು ಲಕ್ಷ ಕ್ಯುಸೆಕ್ ದಾಟಿತು, ಗಂಜಿ ಕೇಂದ್ರ ತೆರೆದರು, ಮುಚ್ಚಿದರು. ಗೇಟು ಎತ್ತುವ ಆರು ತಾಸು ಮುಂಚೆ ಊರಿನ ಗುಡಿ ಮೈಕಿನಲ್ಲಿ ಒಂದು ಮಾತು ಹೇಳಿಸಲು ಸಾವಿರ ಕೋಟಿ ಬೇಕಿಲ್ಲ. ಒಂದು ಫೋನು ಸಾಕು. ಇದನ್ನೂ ಎಷ್ಟು ಸಲ ಬರೆಯುವುದು?

ನೀರು ಇಳಿದ ಮೇಲಿನ ಅಂಕವೊಂದು ಬಾಕಿ ಇದೆ. ಬಿಸಿಲು ಬಿದ್ದು ಸ್ಲ್ಯಾಬ್ ಹೊಳೆಯುತ್ತಿರುತ್ತದೆ, ಬ್ಯಾರಿಕೇಡ್ ಎತ್ತುತ್ತಾರೆ. ಆದರೆ ನೆರೆ ಮೊದಲು ತಿನ್ನುವುದು ಸ್ಲ್ಯಾಬನ್ನಲ್ಲ, ಅದು ದಂಡೆಗೆ ಕೂಡುವ ಜಾಗದ ಮೊರಂ ಮಣ್ಣನ್ನು. ಮೇಲೆ ಡಾಂಬರು ಹಾಗೇ ಇರುತ್ತದೆ, ಒಳಗೆ ಪೊಳ್ಳು. ಹಾರೆಯಿಂದ ಬಡಿದು ನೋಡಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಕಮಾನಿಗೆ ಸಿಕ್ಕ ಜಾಲಿ ಗಿಡ ಕಿತ್ತು, ಕೆಸರು ಬಳಿದು, ಬಿರುಕು ನೋಡಿ ಆಮೇಲೆ ವಾಹನ ಬಿಡಬೇಕು. ಅಂದರೆ ಮೊದಲು ದಾಟಬೇಕಾದದ್ದು ಇಂಜಿನಿಯರ್ ಸಾಹೇಬರ ಹಾರೆ. ಮೊದಲು ದಾಟುವುದು ಹಾಲಿನ ಕ್ಯಾನು ಕಟ್ಟಿದ ಬೈಕು.