ಕಿಲಿಮಂಜಾರೋಗೆ ಅಗ್ಗದ ಪ್ಯಾಕೇಜ್ ಹುಡುಕುತ್ತಿರುವವರಿಗೆ

ತಾಂಜಾನಿಯಾದ ಕಿಲಿಮಂಜಾರೋ ಬೆಟ್ಟ ಹತ್ತಿದ ಫೋಟೋ ಹಾಕಿದಾಗಿನಿಂದ ಇನ್‌ಬಾಕ್ಸ್‌ಗೆ ಒಂದೇ ಪ್ರಶ್ನೆ. "ಎಲ್ಲಕ್ಕಿಂತ ಕಡಿಮೆ ರೇಟು ಯಾರದ್ದು ಗುರು?" ಒಬ್ಬೊಬ್ಬರಿಗೂ ಬರೆದು ಸಾಕಾಗಿದೆ, ಇಲ್ಲೇ ಹೇಳಿಬಿಡುತ್ತೇನೆ.

ಅಲ್ಲಿ ಗೈಡ್ ಇಲ್ಲದೆ ಬೆಟ್ಟ ಹತ್ತಲು ಬಿಡುವುದೇ ಇಲ್ಲ, ಪಾರ್ಕಿನ ನಿಯಮವೇ ಹಾಗಿದೆ. ಹಾಗಾಗಿ ಪ್ಯಾಕೇಜ್ ಬೇಕೇ ಬೇಕು. ಆದರೆ ಪಾರ್ಕ್ ಫೀಸು ದಿನದ ಲೆಕ್ಕದಲ್ಲಿ ಎಲ್ಲ ಕಂಪನಿಗಳೂ ಕಟ್ಟಬೇಕು, ಅದರಲ್ಲಿ ಚೌಕಾಸಿ ನಡೆಯುವುದಿಲ್ಲ. ಮತ್ತೆ ರೇಟು ಇಳಿಯುವುದು ಎಲ್ಲಿ? ಒಂದೋ ನಿಮ್ಮ ದಿನಗಳಲ್ಲಿ, ಇಲ್ಲ ಸಾಮಾನು ಹೊರುವ ಪೋರ್ಟರ್‌ಗಳ ಕೂಲಿಯಲ್ಲಿ. ಎಷ್ಟೋ ಸಲ ಎರಡರಲ್ಲೂ.

ಮೊದಲು ದಿನದ ಕಥೆ. ಮರಾಂಗು ದಾರಿಯಲ್ಲಿ ಐದು ದಿನದ ಪ್ಯಾಕೇಜ್ ಇದೆ. ಮೊದಲ ರಾತ್ರಿ ಸುಮಾರು 2,700 ಮೀಟರ್‌ನಲ್ಲಿ ಮಲಗುತ್ತೀರಿ, ಎರಡನೇ ರಾತ್ರಿ 3,700, ಮೂರನೇ ದಿನ ಸಂಜೆಗೆ 4,700. ಅಲ್ಲಿ ನಿದ್ದೆಯೂ ಸರಿಯಾಗಿ ಇಲ್ಲ, ನಡುರಾತ್ರಿ ಎಬ್ಬಿಸಿ 5,895 ಮೀಟರ್‌ನ ಉಹುರು ಶಿಖರಕ್ಕೆ ಹೊರಡಿಸುತ್ತಾರೆ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರ್ ಕೂಡ ಇಲ್ಲ, ನೆನಪಿರಲಿ. ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಅರ್ಧ. ಜಿಮ್ಮು, ಮ್ಯಾರಥಾನ್ ಯಾವುದೂ ಅದಕ್ಕೆ ಉತ್ತರ ಅಲ್ಲ, ದೇಹಕ್ಕೆ ಬೇಕಾದದ್ದು ಸಮಯ. ಗಟ್ಟಿಮುಟ್ಟಾದ ಹುಡುಗರು ವಾಂತಿ ಮಾಡಿಕೊಂಡು ಗೈಡ್ ಹೆಗಲು ಹಿಡಿದು ಇಳಿಯುವುದನ್ನು ನೋಡಿದ್ದೇನೆ, ಅವರ ಪಕ್ಕದಲ್ಲೇ ಅರವತ್ತು ದಾಟಿದ ಹೆಂಗಸೊಬ್ಬರು ಆಮೆ ನಡಿಗೆಯಲ್ಲಿ ಮೇಲೆ ಹೋದರು.

ಮಚಾಮೆ ದಾರಿಯಲ್ಲಿ ಏಳು ದಿನ ತೆಗೆದುಕೊಳ್ಳಿ. ಅಲ್ಲಿ ಮಧ್ಯಾಹ್ನ 4,600 ಮೀಟರ್‌ನ ಲಾವಾ ಟವರ್‌ವರೆಗೆ ಹತ್ತಿಸಿ, ರಾತ್ರಿ ಮಲಗಲು ನಾಲ್ಕು ಸಾವಿರಕ್ಕಿಂತ ಕೆಳಗಿರುವ ಬರಾಂಕೋಗೆ ಇಳಿಸುತ್ತಾರೆ. ಹತ್ತಿದ್ದನ್ನು ಇಳಿಯುವುದು ಯಾಕೆ ಅಂತ ಸಿಟ್ಟು ಬರುತ್ತದೆ. ದೇಹವನ್ನು ಎತ್ತರಕ್ಕೆ ಒಗ್ಗಿಸಿ ನಿಮ್ಮನ್ನು ತುದಿ ಮುಟ್ಟಿಸುವುದೇ ಆ ಇಳಿತ.

ಇನ್ನು ಪೋರ್ಟರ್‌ಗಳು. ಗೇಟಿನಲ್ಲಿ ತಕ್ಕಡಿ ಇದೆ, ಒಬ್ಬರಿಗೆ 20 ಕಿಲೋ ಮಿತಿ. ಟೆಂಟು, ಗ್ಯಾಸ್, ಮೊಟ್ಟೆ ಟ್ರೇ, ನಿಮ್ಮ ಕುರ್ಚಿ, ಕೆಲವು ಗುಂಪುಗಳಿಗೆ ಟಾಯ್ಲೆಟ್ ಕೂಡ ಅವರ ತಲೆ ಮೇಲೆಯೇ ಹೋಗುತ್ತದೆ. ನೀವು ಏದುಸಿರು ಬಿಡುವಾಗ "ಜಾಂಬೋ" ಅಂತ ನಗುತ್ತಾ ದಾಟಿ ಹೋಗಿ, ನೀವು ತಲುಪುವಷ್ಟರಲ್ಲಿ ಬಿಸಿನೀರು ಕಾಯಿಸಿರುತ್ತಾರೆ. ಒಬ್ಬ ಹುಡುಗನ ಶೂ ಹಿಂಭಾಗ ಬಾಯಿ ಬಿಟ್ಟಿತ್ತು, ಪ್ಲಾಸ್ಟಿಕ್ ದಾರದಿಂದ ಸುತ್ತಿ ಕಟ್ಟಿದ್ದ. ಅವನು ಬೇರೊಂದು ಗುಂಪಿನವನು, ಆ ಗುಂಪಿನವರು ನಮಗಿಂತ ಎಷ್ಟು ಕಡಿಮೆಗೆ ಬಂದಿದ್ದೇವೆ ಅಂತ ಊಟದ ಹೊತ್ತಿಗೆ ಹೇಳಿಕೊಳ್ಳುತ್ತಿದ್ದರು. ನೀವು ಉಳಿಸಿದ ದುಡ್ಡು ಅಂಥವರ ಕೂಲಿಯಿಂದ ಬಂದದ್ದು, ಅಷ್ಟೇ. ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅಂತ ಒಂದು ಸಂಸ್ಥೆ ಇದೆ, ಕೂಲಿ, ಊಟ, ಟೆಂಟು ಸರಿಯಾಗಿ ಕೊಡುವ ಕಂಪನಿಗಳ ಪಟ್ಟಿ ಇಟ್ಟಿದೆ. ಅದನ್ನು ನೋಡಿ ಬುಕ್ ಮಾಡಿ. ಟಿಪ್ಸ್ ಕೊಡುವಾಗ ಯಾರಿಗೆ ಎಷ್ಟು ಅಂತ ಎಲ್ಲರ ಮುಂದೆಯೇ ಹೇಳಿ ಕೊಡಿ, ಒಬ್ಬರ ಕೈಗೆ ಕಟ್ಟು ಕೊಟ್ಟು ಬರಬೇಡಿ.

"ಗೈಡ್ ಜೊತೆ ಹೋದರೆ ಅದೇನು ಟ್ರೆಕ್ಕಿಂಗ್, ಟೂರಿಸ್ಟ್ ಆದ ಹಾಗೆ" ಅನ್ನುವ ವೀರರಿಗೆ ಒಂದು ಮಾತು. ಪ್ರತಿ ಸಂಜೆ ಬೆರಳಿಗೆ ಆಕ್ಸಿಮೀಟರ್ ಹಾಕಿ, ತಲೆನೋವಾ, ಊಟ ಸೇರಿತಾ ಅಂತ ಕೇಳಿ ಬರೆದುಕೊಳ್ಳುವುದು ಆ ಗೈಡ್‌ಗಳೇ. ತಲೆನೋವನ್ನು ನಾವು ಮುಚ್ಚಿಡುತ್ತೇವೆ, ದುಡ್ಡು ಕೊಟ್ಟಿದ್ದೇವಲ್ಲ! ಅವರು ಮುಖ ನೋಡಿಯೇ ಕಂಡುಹಿಡಿಯುತ್ತಾರೆ. ದಿನವಿಡೀ "ಪೋಲೆ ಪೋಲೆ", ಅಂದರೆ ನಿಧಾನ ನಿಧಾನ, ಅಂತ ಹೇಳಿ ತಲೆ ತಿನ್ನುತ್ತಾರೆ. ಕೊನೆಯ ರಾತ್ರಿ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಮುಂದಿನವರ ಹಿಮ್ಮಡಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಜ್ವಾಲಾಮುಖಿಯ ಸಡಿಲ ಜಲ್ಲಿ, ಮೆಕ್ಕೆಜೋಳದ ರಾಶಿ ಹತ್ತಿದ ಹಾಗೆ, ಒಂದು ಹೆಜ್ಜೆ ಮೇಲೆ ಇಟ್ಟರೆ ಅರ್ಧ ಕೆಳಗೆ. ಬಾಟಲಿಯ ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಅದಕ್ಕೇ ತಲೆಕೆಳಗಾಗಿ ಇಡಿ ಅಂತ ಹೇಳಿದ್ದೂ ಗೈಡೇ.

ಹಾಂ, ಜ್ವಾಲಾಮುಖಿ ಅಂದ ತಕ್ಷಣ ಕೆಂಡ ಉಕ್ಕುತ್ತಾ ಅಂತ ಕೇಳುವವರೂ ಇದ್ದಾರೆ. ಇಲ್ಲ. ಈ ಬೆಟ್ಟದಲ್ಲಿ ಮೂರು ಜ್ವಾಲಾಮುಖಿಗಳಿವೆ, ಅವುಗಳಲ್ಲಿ ಶಿರಾ, ಮವೆಂಜಿ ಸತ್ತಿವೆ. ಉಹುರು ಶಿಖರ ಇರುವ ಕಿಬೋ ಮಲಗಿದೆ, ಅದರ ಕುಳಿಯಲ್ಲಿ ಇನ್ನೂ ಗಂಧಕದ ಹೊಗೆ ಏಳುತ್ತದೆ.

ಸಸ್ಯಾಹಾರ ಸಿಗುತ್ತದೆ, ಮೊದಲೇ ಹೇಳಿ. ಚಟ್ನಿಪುಡಿ ಒಯ್ಯಿರಿ, ಮೇಲೆ ನಾಲಿಗೆಗೆ ಏನೂ ರುಚಿಸುವುದಿಲ್ಲ. ಏಪ್ರಿಲ್, ಮೇ ಬೇಡ, ಮಳೆ. ದುಡ್ಡು ಸಾಲದಿದ್ದರೆ ಇನ್ನೊಂದು ವರ್ಷ ಕಾದು ಹೋಗಿ. ಐದು ದಿನದ್ದಕ್ಕೆ ಮಾತ್ರ ನನ್ನನ್ನು ಕೇಳಬೇಡಿ.