ಎಲ್‌ವಿಎನ್‌ಗೆ ಎಕ್ಸ್‌ಪೀರಿಯನ್ಸ್ ಇದ್ರೆ ತಾನಾಗೇ ಆರ್‌ಎನ್ ಆಗ್ತಾರಾ? ಸತ್ಯಾಂಶ

ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಎಲ್‌ವಿಎನ್ (ಲೈಸೆನ್ಸ್ಡ್ ವೊಕೇಷನಲ್ ನರ್ಸ್, ಆರ್‌ಎನ್‌ಗಿಂತ ಕೆಳಗಿನ ಹಂತದ ನರ್ಸ್) ಆಗಿ ಕೆಲವು ವರ್ಷ ಕೆಲಸ ಮಾಡಿದ್ರೆ ಲೈಸೆನ್ಸ್ ತಾನಾಗೇ ಆರ್‌ಎನ್‌ಗೆ (ರಿಜಿಸ್ಟರ್ಡ್ ನರ್ಸ್) ಬದಲಾಗುತ್ತೆ, ಕಮ್ಯೂನಿಟಿ ಕಾಲೇಜ್ ಆರ್‌ಎನ್‌ಗೆ ಬೆಲೆ ಇಲ್ಲ ಅಂತ. ಎರಡೂ ತಪ್ಪು.

ಎಷ್ಟು ವರ್ಷ ಕೆಲಸ ಮಾಡಿದ್ರೂ ಆರ್‌ಎನ್ ಆಗೋಕೆ ಓದಿ ಎನ್‌ಕ್ಲೆಕ್ಸ್-ಆರ್‌ಎನ್ ಅನ್ನೋ ಲೈಸೆನ್ಸ್ ಪರೀಕ್ಷೆ ಪಾಸ್ ಮಾಡ್ಲೇಬೇಕು. ಆದ್ರೆ ಮೊದಲಿಂದ ಶುರು ಮಾಡಬೇಕಿಲ್ಲ, ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮುಗಿಸಿಕೊಂಡ್ರೆ ಎಷ್ಟೋ ಕಮ್ಯೂನಿಟಿ ಕಾಲೇಜ್‌ಗಳು ಎಲ್‌ವಿಎನ್‌ಗಳನ್ನ ಅಸೋಸಿಯೇಟ್ ಡಿಗ್ರಿ (ಎರಡು ವರ್ಷದ ಡಿಗ್ರಿ) ಪ್ರೋಗ್ರಾಂನ ಮಧ್ಯದಲ್ಲೇ ಸೇರಿಸಿಕೊಳ್ತವೆ, ಆದ್ರೆ ಸೀಟು ಸಿಗೋದೇ ಕಷ್ಟ. ಪರೀಕ್ಷೆ ಬಿಎಸ್‌ಎನ್‌ನವರು (ನರ್ಸಿಂಗ್‌ನಲ್ಲಿ ಬ್ಯಾಚುಲರ್ ಡಿಗ್ರಿ ಮಾಡಿದವರು) ಬರೆಯೋದೇ, ಲೈಸೆನ್ಸೂ ಅದೇ. ಕೆಲವು ಆಸ್ಪತ್ರೆಗಳು ಬಿಎಸ್‌ಎನ್ ಕೇಳೋದು ನಿಜ, ಅದನ್ನ ಕೆಲಸ ಮಾಡ್ತಾನೇ ಮುಗಿಸಬಹುದು.

ಇಲ್ಲಿ ಹುಷಾರಾಗಿರಿ ದಯವಿಟ್ಟು: ಕ್ಯಾಲಿಫೋರ್ನಿಯಾದಲ್ಲಿ "30 ಯುನಿಟ್" (ಅಷ್ಟು ಕಾಲೇಜ್ ಕ್ರೆಡಿಟ್ ಮಾತ್ರ ಓದೋ) ದಾರಿನೂ ಇದೆ, ಎಲ್‌ವಿಎನ್‌ಗಳಿಗೇ ಅಂತ. ಬೇಗ ಮುಗಿಯುತ್ತೆ, ಆದ್ರೆ ಡಿಗ್ರಿ ಸಿಗಲ್ಲ, ಆ ಲೈಸೆನ್ಸನ್ನ ಬೇರೆ ಎಷ್ಟೋ ರಾಜ್ಯಗಳು ಒಪ್ಪಲ್ಲ, ಮುಂದೆ ಗಂಡನಿಗೋ ಹೆಂಡತಿಗೋ ಟ್ರಾನ್ಸ್‌ಫರ್ ಆದ್ರೆ ತುಂಬಾ ತೊಂದರೆ. ಸೇರೋ ಮುಂಚೆ ಕಾಲೇಜ್ ಕೌನ್ಸೆಲರ್ ಹತ್ರ ಡಿಗ್ರಿ ಬರುತ್ತಾ ಅಂತ ನೇರವಾಗಿ ಕೇಳಿ.